ತೂತಿಲ್ಲದ ಹಲ್ಲು

ನಮ್ಮ ಭಾವ ಇನ್ನೂ ಬದುಕಿದ್ದಾರೆ. ಹಾಗಾಗಿ ಅವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ಕಟ್ಟುಪಾಡು ನನಗಿಲ್ಲ. ಸತ್ತ ಮೇಲೆ ಹೇಗೂ ಎಲ್ಲರೂ ಸೇರಿ ದೇವರಂಥ ಮನುಷ್ಯ ಅನ್ನುತ್ತಾರೆ, ಆಗ ನಾನೂ ಜೊತೆಗೆ ತಲೆಯಾಡಿಸಿದರಾಯಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಕೆಲಸ ಹಲ್ಲು ಮಾಡುವುದು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಅದನ್ನು ಮುಂದಿಟ್ಟುಕೊಂಡು ಪಿಂಗಾಣಿಯ ಕ್ಯಾಪ್ ಮಾಡಿ ಪುಟ್ಟ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಕೋಣೆ ಅವರದು. ಕಿಟಕಿಗೆ ಒತ್ತಿಕೊಂಡು ಉದ್ದನೆಯ ಮೇಜು, ಮೂಲೆಯಲ್ಲಿ ಸಣ್ಣ ಕುಲುಮೆ, ಹಲಗೆಯ ಮೇಲೆ ಬಿಳಿಯಲ್ಲೇ ಇಪ್ಪತ್ತು ನಮೂನೆಯ ಪುಡಿಗಳು. ಕುಂಚ ಹಿಡಿದು ಕೂತಾಗ ಮಾತಾಡಿಸಲು ಹೋದವರು ಉಗಿಸಿಕೊಂಡೇ ಬರಬೇಕು. ಕುಂಚದ ತುದಿ ಚೂಪಾಗಲೆಂದು ತುಟಿಗಳ ನಡುವೆ ಇಟ್ಟು ಎಳೆಯುತ್ತಾರೆ, ಮತ್ತೆ ಅದೇ ಕುಂಚದಿಂದ ಇನ್ನೊಬ್ಬರ ಹಲ್ಲಿಗೆ ಬಣ್ಣ ಕೊಡುತ್ತಾರೆ. ಊರಿಗೆಲ್ಲ ಶುಚಿತ್ವದ ಪಾಠ ಹೇಳುವುದೂ ಇದೇ ಬಾಯಿಂದ.

ಆದರೆ ಕೈ ಮಾತ್ರ ಚಿನ್ನದ್ದು, ಅದನ್ನು ಒಪ್ಪಲೇಬೇಕು. ಅವರು ಮಾಡಿದ ದವಡೆ ಹಲ್ಲನ್ನು ಅಂಗೈ ಮೇಲಿಟ್ಟು ನೋಡಬೇಕು. ಅದರ ಏರು, ತಗ್ಗು, ತಗ್ಗಿನೊಳಗಿನ ಗೆರೆ, ಆ ಗೆರೆಯಲ್ಲಿ ದಿನಾ ಕಾಫಿ ಕುಡಿಯುವವರಿಗೆ ಕೂರುವಂಥ ತೆಳು ಕಂದು. ಹುಟ್ಟು ಹಲ್ಲು ಯಾವುದು, ಇವರ ಹಲ್ಲು ಯಾವುದು ಎಂದು ನನಗೂ ಗುರುತು ಸಿಗುವುದಿಲ್ಲ. ನಾನು ಹತ್ತೊಂಬತ್ತು ವರ್ಷದಿಂದ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಪಕ್ಕ ನಿಂತು ಕೆಲಸ ಮಾಡುತ್ತಿರುವವಳು. ಅಲ್ಲಿಗೆ ಸೇರಿಸಿದ್ದೂ ಭಾವನೇ. ಆ ಉಪಕಾರವನ್ನು ಅವರು ವರ್ಷಕ್ಕೆ ನಾಲ್ಕು ಸಲವಾದರೂ ನೆನಪಿಸುತ್ತಾರೆ.

ಅವರು ಮನುಷ್ಯರ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಮದುವೆಗೆ ಮುಂಚೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಅಕ್ಕ ಎದುರಿಗೆ ಕೂತು ನಾಚಿಕೊಂಡು ನಕ್ಕಳು. ಹುಡುಗ ಏನಂತಾನೋ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು.

"ಕೆಳಗಡೆ ಎಡಗಡೆ ದವಡೆ ಹಲ್ಲು ನಲವತ್ತು ದಾಟೋ ಹೊತ್ತಿಗೆ ಹೋಗುತ್ತೆ" ಅಂದರು.

ಅಮ್ಮ ಅದನ್ನು ತಮಾಷೆ ಅಂದುಕೊಂಡು ನಕ್ಕಳು. ಹಲ್ಲು ಅಕ್ಕನ ನಲವತ್ಮೂರನೇ ವಯಸ್ಸಿಗೆ ಹೋಯಿತು. ಬೇರೆ ಗಂಡಸಾಗಿದ್ದರೆ ಹೆಂಡತಿಯ ಊದಿದ ಕೆನ್ನೆ ನೋಡಿ ಅಯ್ಯೋ ಅನ್ನುತ್ತಿದ್ದ. ಇವರು, "ನಾನು ಅವತ್ತೇ ಹೇಳಿರಲಿಲ್ವಾ?" ಎಂದು ಇಡೀ ವಾರ ಮೀಸೆ ತಿರುವಿಕೊಂಡು ಓಡಾಡಿದರು.

ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಅಲ್ಲಿನ ಮಕ್ಕಳು ಟೀಚರ ತುಟಿ ನೋಡಿ ಮಾತು ಕಲಿಯುತ್ತಾರೆ. ಅವಳು ಪ್ರತಿಯೊಂದು ಅಕ್ಷರಕ್ಕೂ ಬಾಯಿಯನ್ನು ಪೂರ್ತಿ ತೆರೆದು, ನಾಲಿಗೆ ಎಲ್ಲಿ ತಾಗುತ್ತದೆ ಎಂದು ತೋರಿಸಿ, ಮಕ್ಕಳ ಬೆರಳನ್ನು ತನ್ನ ಗಂಟಲ ಮೇಲೆ ಇಡಿಸಿಕೊಂಡು ಹೇಳಿಕೊಡುತ್ತಿದ್ದಳು. ಅವಳ ಹೊಟ್ಟೆಪಾಡು, ಅವಳ ಹೆಮ್ಮೆ ಎಲ್ಲ ಆ ಬಾಯಲ್ಲೇ ಇತ್ತು. ಹಲ್ಲು ಹೋದ ಜಾಗ ಖಾಲಿ ಬಿಡುವುದು ಬೇಡ, ಇಂಪ್ಲಾಂಟ್ ಹಾಕೋಣ ಎಂದರು ನಮ್ಮ ಡಾಕ್ಟರಮ್ಮ. ದವಡೆಯ ಮೂಳೆಯೊಳಗೆ ಒಂದು ಲೋಹದ ಸ್ಕ್ರೂ ಕೂರಿಸಿ, ಅದು ಮೂಳೆಗೆ ಕಚ್ಚಿಕೊಂಡ ಮೇಲೆ ಅದರ ತಲೆಗೆ ಕ್ಯಾಪ್ ಹಾಕುವುದು. ಸ್ಕ್ರೂ ಹಾಕಿದ್ದು ಚೆನ್ನಾಗಿಯೇ ಕೂತಿತು. ರಾಮಾಯಣ ಶುರುವಾದದ್ದು ಕ್ಯಾಪಿನಿಂದ.

ಕ್ಯಾಪನ್ನು ಎರಡು ರೀತಿ ಕೂರಿಸಬಹುದು. ನಡುವೆ ಒಂದು ತೂತು ಬಿಟ್ಟು ಅದರ ಮೂಲಕ ಇನ್ನೊಂದು ಸಣ್ಣ ತಿರುಪಿನಿಂದ ಸ್ಕ್ರೂಗೆ ಬಿಗಿದು ಮೇಲೆ ಬಿಳಿ ಫಿಲ್ಲಿಂಗ್ ತುಂಬಿ ಮುಚ್ಚುವುದು ಒಂದು ರೀತಿ. ನಾಳೆ ಏನಾದರೂ ಆದರೆ ತಿರುಪು ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ತೂತಿಲ್ಲದೆ ಸಿಮೆಂಟಿನಿಂದ ಅಂಟಿಸುವುದು ಇನ್ನೊಂದು. ಡಾಕ್ಟರಮ್ಮ ತಿರುಪಿನದೇ ಮಾಡಿ ಎಂದು ಚೀಟಿ ಬರೆದರು. ಭಾವ ಚೀಟಿ ಹಿಡಿದುಕೊಂಡು ಕ್ಲಿನಿಕ್ಕಿಗೇ ಬಂದರು.

"ನನ್ನ ಹೆಂಡ್ತಿ ಬಾಯಲ್ಲಿ ತೂತಿರೋ ಹಲ್ಲು ಹಾಕೋದಾ? ನಾಳೆ ಅವಳು ಆಕಳಿಸಿದ್ರೆ ನೋಡಿದವರು ಏನಂತಾರೆ? ಇದು ಇವರ ಕೈಕೆಲಸ ಅಂತ ನನ್ನ ಹೆಸರು ಹೇಳ್ತಾರೆ ಮೇಡಂ."

"ಆಕಳಿಸೋವಾಗ ಯಾರೂ ಬಾಯೊಳಗೆ ಬಗ್ಗಿ ನೋಡಲ್ಲ ಬಿಡಿ" ಅಂದರು ಡಾಕ್ಟರಮ್ಮ.

"ನಾನು ನೋಡ್ತೀನಿ."

ಡಾಕ್ಟರಮ್ಮ ಸೋತರು. ಪಟ್ಟಣದಲ್ಲಿ ಇವರಷ್ಟು ಚೆನ್ನಾಗಿ ಹಲ್ಲು ಮಾಡುವವರು ಇನ್ನೊಬ್ಬರಿಲ್ಲ, ಇವರು ಮುನಿಸಿಕೊಂಡರೆ ನಮ್ಮ ಅರ್ಧ ಕೆಲಸ ನಿಲ್ಲುತ್ತದೆ. ಅಷ್ಟು ಸಾಲದು ಎಂದು ಭಾವ ಕ್ಯಾಪಿನ ಅಂಚನ್ನು ಒಸಡಿನ ಕೆಳಗೆ ಆಳಕ್ಕೆ ಇಳಿಸಿ ಮಾಡಿದರು, ಹಲ್ಲು ಒಸಡಿನಿಂದಲೇ ಮೂಡಿದಂತೆ ಕಾಣಲಿ ಎಂದು. ಅಷ್ಟೂ ಸಾಲದು ಎಂದು, ಕ್ಲಿನಿಕ್ಕಿನ ಸಿಮೆಂಟು ಮಬ್ಬು, ಪಿಂಗಾಣಿಯ ಕಳೆ ಕೆಡಿಸುತ್ತದೆ ಎಂದು ತಮ್ಮ ಮೇಜಿನ ಮೇಲಿನ ಸಿಮೆಂಟನ್ನೇ ಜೇಬಿನಲ್ಲಿಟ್ಟುಕೊಂಡು ತಂದರು. ಆ ಸಿಮೆಂಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬುದನ್ನು ಅವತ್ತು ಯಾರೂ ಯೋಚಿಸಲಿಲ್ಲ.

ಸಿಮೆಂಟು ಕಲಸಿದವಳು ನಾನು. ಕ್ಯಾಪಿನ ಒಳಗೋಡೆಗೆ ಕುಂಚದಿಂದ ತೆಳುವಾಗಿ ಸವರಬೇಕು, ತುಂಬಬಾರದು. ತುಂಬಿದರೆ ಒತ್ತುವಾಗ ಹೆಚ್ಚಿನದೆಲ್ಲ ಕೆಳಗಿಳಿದು ಒಸಡಿನೊಳಗೆ ಹೋಗುತ್ತದೆ. ಇದು ನನಗೆ ಬಾಯಿಪಾಠ. ಡಾಕ್ಟರಮ್ಮ ಕೈಗವಸು ಬದಲಾಯಿಸಲು ಅತ್ತ ತಿರುಗಿದ್ದರು. ಭಾವ ನನ್ನ ಬೆನ್ನ ಹಿಂದೆ ನಿಂತಿದ್ದರು.

"ಏನೇ ಅದು, ಜಿಪುಣಿ ತರ ಸವರ್ತಿದೀಯ? ತುಂಬ ಹಾಕು. ಕಳಚಿ ಬಿದ್ರೆ ನನ್ನ ಮರ್ಯಾದೆ ಹೋಗೋದು."

ನಾನು ತುಂಬ ಹಾಕಿದೆ. ಅಷ್ಟು ವರ್ಷಗಳಲ್ಲಿ ಅವರ ಮಾತಿಗೆ ಎದುರಾಡಿ ಅಭ್ಯಾಸವೇ ಇರಲಿಲ್ಲ. ಡಾಕ್ಟರಮ್ಮ ಬಂದು ಕ್ಯಾಪ್ ಒತ್ತಿ ಕೂರಿಸಿ, ಕಣ್ಣಿಗೆ ಕಂಡ ಸಿಮೆಂಟನ್ನೆಲ್ಲ ಕೆರೆದು ತೆಗೆದರು. ಕಣ್ಣಿಗೆ ಕಾಣದ್ದು ಒಳಗೆ ಉಳಿಯಿತು. ಭಾವ ಕನ್ನಡಿ ಹಿಡಿದು ಎಡದಿಂದ ಬಲದಿಂದ ನೋಡಿ, ಅಕ್ಕನ ಗಲ್ಲ ಹಿಡಿದು ಮೇಲೆತ್ತಿ, "ಈಗ ನಿನ್ನ ಬಾಯಲ್ಲಿ ಒಂದಾದ್ರೂ ನೋಡೋ ಹಾಗಿರೋ ಹಲ್ಲಿದೆ" ಅಂದರು. ಅಕ್ಕನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು, ಪಾಪ.

ಆರು ತಿಂಗಳಿಗೆ ಹಲ್ಲುಜ್ಜುವಾಗ ರಕ್ತ ಬರತೊಡಗಿತು. ವರ್ಷ ತುಂಬುವಾಗ ಒಸಡು ಕೆಂಪಗೆ ಊದಿ, ಬೆರಳಿನಿಂದ ಒತ್ತಿದರೆ ಕೀವು ಬರುತ್ತಿತ್ತು. ನೋವು ಮಾತ್ರ ಇರಲಿಲ್ಲ. ಹುಟ್ಟು ಹಲ್ಲಿಗಾದರೆ ನರವಿರುತ್ತದೆ, ಹುಳುಕು ಹತ್ತಿದರೆ ಬೊಬ್ಬೆ ಹೊಡೆದು ಹೇಳುತ್ತದೆ. ಸ್ಕ್ರೂಗೆ ಏನು ನರ? ಅದರ ಸುತ್ತ ಸೋಂಕು ಸದ್ದಿಲ್ಲದೆ ಮೂಳೆ ತಿನ್ನುತ್ತಾ ಹೋಗುತ್ತದೆ. ಡಾಕ್ಟರಮ್ಮ ಎಕ್ಸ್‌ರೇ ತೆಗೆದರು, ಏನೂ ಕಾಣಲಿಲ್ಲ. ಒಸಡಿನೊಳಗೆ ಸಲಾಕೆ ತೂರುವಷ್ಟು ಆಳಕ್ಕೆ ಕೆರೆದು ತೊಳೆದರು, ಮುಕ್ಕಳಿಸಲು ಔಷಧಿ ಕೊಟ್ಟರು, ಎಂಟು ದಿನ ಮಾತ್ರೆ ಕೊಟ್ಟರು. ತಿಂಗಳು ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು. ಕ್ಯಾಪ್ ಬಿಚ್ಚಿ ನೋಡಬೇಕು, ಆದರೆ ಅಂಟಿಸಿದ್ದನ್ನು ಬಿಚ್ಚಲು ಮೇಲಿನಿಂದ ಕೊರೆಯಬೇಕು ಎಂದು ಅವರು ಭಾವನಿಗೆ ಹೇಳಿದರು.

"ನನ್ನ ಕ್ಯಾಪ್ ಮೇಲೆ ಡ್ರಿಲ್ ಇಟ್ರೆ ಇನ್ನು ನಿಮಗೆ ಒಂದು ಹಲ್ಲೂ ಮಾಡಿಕೊಡಲ್ಲ ಮೇಡಂ. ಹಲ್ಲಲ್ಲಿ ದೋಷ ಇಲ್ಲ. ಅವಳಿಗೆ ಬಾಯಿ ತೊಳೆಯೋಕೆ ಬರಲ್ಲ, ಅಷ್ಟೇ."

ಅಂದಿನಿಂದ ಅಕ್ಕನ ಬಾಯಿ ಆ ಮನೆಯ ಎಲ್ಲರ ಸೊತ್ತಾಯಿತು. ಹಲ್ಲಿನ ಮೇಲಿನ ಕೊಳೆಯನ್ನು ತೋರಿಸುವ ಒಂದು ಕೆಂಪು ದ್ರಾವಣವಿದೆ, ಮಕ್ಕಳಿಗೆ ಹಲ್ಲುಜ್ಜಲು ಕಲಿಸುವಾಗ ನಾವು ಬಳಸುತ್ತೇವೆ. ಭಾವ ಅದರ ಒಂದು ಬಾಟಲಿ ತಂದು ಬಚ್ಚಲು ಮನೆಯ ಕನ್ನಡಿಯ ಕೆಳಗಿಟ್ಟರು. ಸಂಜೆ ಶಾಲೆಯಿಂದ ಬಂದು ಅಕ್ಕ ಹಲ್ಲುಜ್ಜಬೇಕು, ಕೆಂಪು ಹಚ್ಚಿಕೊಳ್ಳಬೇಕು, ಬಂದು ಊಟದ ಮೇಜಿನ ದೀಪದ ಕೆಳಗೆ ಕೂತು ಬಾಯಿ ತೆರೆಯಬೇಕು. ಇವರು ಕೆಲಸದ ಕನ್ನಡಕ ಏರಿಸಿಕೊಂಡು ನೋಡುತ್ತಾರೆ. ಎಲ್ಲಾದರೂ ಒಂದು ಚುಕ್ಕೆ ಕೆಂಪು ಕಂಡರೆ, "ಎರಡನೇ ದರ್ಜೆ" ಎಂದು ಎದ್ದುಹೋಗುತ್ತಾರೆ. ಕಾಲೇಜಿಗೆ ಹೋಗುವ ಮಗಳ ಎದುರಿಗೆ. ಮನೆಗೆ ಬಂದ ನೆಂಟರ ಎದುರಿಗೂ ಒಂದು ಸಲ.

ನಾನೂ ಒಂದು ಸಂಜೆ ಅಲ್ಲಿದ್ದೆ. ನಲವತ್ತೈದರ ಹೆಂಗಸು, ನೂರಾರು ಮಕ್ಕಳಿಗೆ ಮಾತು ಕೊಟ್ಟವಳು, ಕುರ್ಚಿಯ ತುದಿಯಲ್ಲಿ ಕೂತು ಕೆಂಪಾದ ಬಾಯಿ ತೆರೆದು ಗಂಡನ ಕಡೆ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಏನೂ ಮಾತಾಡದೆ ಕಾಫಿ ಕುಡಿದು ಮನೆಗೆ ಬಂದೆ.

ವಾಸನೆ ಬರುತ್ತದೆ ಎಂದು ಭಾವ ಮಲಗುವುದನ್ನು ಬೇರೆ ಕೋಣೆಗೆ ಬದಲಾಯಿಸಿದರು. ಊಟದ ಮೇಜಿನಲ್ಲಿ ಅಕ್ಕನ ತಟ್ಟೆ ಇನ್ನೊಂದು ತುದಿಗೆ ಹೋಯಿತು. ವಾಸನೆ ಇದ್ದದ್ದು ನಿಜ, ಕೀವಿನದು. ಆದರೆ ಅಕ್ಕ ಅದನ್ನು ತನ್ನದೇ ಎಂದು ನಂಬಿಬಿಟ್ಟಳು. ದಿನಕ್ಕೆ ಐದು ಸಲ ಉಜ್ಜತೊಡಗಿದಳು. ಉಜ್ಜಿ ಉಜ್ಜಿ ಪಕ್ಕದ ಒಳ್ಳೆಯ ಹಲ್ಲುಗಳ ಒಸಡೂ ಸವೆದು ಬೇರು ಕಾಣುತ್ತಿತ್ತು. ಮಾತಾಡುವಾಗ ಕೈ ಬಾಯಿಗೆ ಹೋಗುವುದು ಅಭ್ಯಾಸವಾಯಿತು. ಮನೆಯಲ್ಲಿ ಶುರುವಾದ ಅಭ್ಯಾಸ ಶಾಲೆಗೂ ಹೋಯಿತು. ತುಟಿ ಕಾಣದಿದ್ದರೆ ಆ ಮಕ್ಕಳಿಗೆ ಏನು ಗೊತ್ತಾಗಬೇಕು? ಒಂದು ಹುಡುಗಿ ಎದ್ದು ಬಂದು ಅಕ್ಕನ ಕೈ ಹಿಡಿದು ಕೆಳಗೆ ಎಳೆದಳಂತೆ. ಅಕ್ಕ ಮುಖ ತಿರುಗಿಸಿಕೊಂಡಳಂತೆ. ಹೆಡ್‌ಮಿಸ್ಸು ಎರಡು ಸಲ ಕರೆದು ಹೇಳಿ, ಮೂರನೇ ಸಲಕ್ಕೆ ಅವಳನ್ನು ತರಗತಿಯಿಂದ ತೆಗೆದು ಆಫೀಸಿನ ಮೂಲೆಯಲ್ಲಿ ಹಾಜರಿ ಪುಸ್ತಕ ಬರೆಯಲು ಕೂರಿಸಿದರು.

"ಕೊಳಕು ಬಾಯಿ ಇಟ್ಕೊಂಡು ಮಕ್ಕಳ ಮುಖದ ಹತ್ರ ಹೋಗೋದು ನಂಗೇ ಇಷ್ಟ ಇರಲಿಲ್ಲ ಬಿಡು" ಅಂದಳು ನನ್ನ ಹತ್ತಿರ, ಕೈಯ ಹಿಂದಿನಿಂದ.

ಇಲ್ಲಿಯವರೆಗೆ ಬರೆದದ್ದೆಲ್ಲ ಭಾವನ ಮೇಲಿನ ದೂರು. ಇನ್ನು ನನ್ನದನ್ನೂ ಬರೆಯಬೇಕು.

ಕ್ಯಾಪ್ ಹಾಕಿ ಒಂದೂವರೆ ವರ್ಷವಾಗಿದ್ದಾಗ ಕ್ಲಿನಿಕ್ಕಿಗೆ ಲಿಫ್ಟ್ ರಿಪೇರಿಯವನೊಬ್ಬ ಬಂದ. ಅವನಿಗೂ ಬೇರೆ ಕಡೆ ಹಾಕಿಸಿದ ಇಂಪ್ಲಾಂಟು, ಅವನಿಗೂ ಹಾಗೇ ಊತ, ಹಾಗೇ ಕೀವು. ಅವನ ಅದೃಷ್ಟಕ್ಕೆ ಏನೋ ಕಡಿಯುವಾಗ ಕ್ಯಾಪೇ ಕಳಚಿ ಕೈಗೆ ಬಂದಿತ್ತು. ಡಾಕ್ಟರಮ್ಮ ಒಸಡನ್ನು ಸರಿಸಿ ನೋಡಿದರೆ ಸ್ಕ್ರೂ ಸುತ್ತ ಗಟ್ಟಿಯಾದ ಸಿಮೆಂಟಿನ ಪಟ್ಟಿ. ಅದನ್ನು ಚೂರುಚೂರಾಗಿ ಕೆರೆದು, ಸ್ಕ್ರೂ ಉಜ್ಜಿ, ಔಷಧಿಯಿಂದ ತೊಳೆದು ಕಳಿಸಿದರು. ಹದಿನೈದು ದಿನಕ್ಕೆ ಬಂದಾಗ ಒಸಡು ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಡಾಕ್ಟರಮ್ಮ ಕೈ ತೊಳೆಯುತ್ತಾ ಕೇಳಿದರು:

"ನಿನ್ನ ಅಕ್ಕಂಗೆ ಹಾಕಿದ ದಿನ ಸಿಮೆಂಟು ಎಷ್ಟು ಹಾಕಿದ್ದೆ?"

"ನೀವು ಹೇಳಿಕೊಟ್ಟಷ್ಟೇ ಮೇಡಂ. ತೆಳುವಾಗಿ."

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನನಗೇ ನಿಜವೆನಿಸಿತು. ನನ್ನ ಹಿಂದಿನವಳನ್ನು ಡಾಕ್ಟರಮ್ಮ ಒಂದು ಸಣ್ಣ ತಪ್ಪಿಗೆ ಮನೆಗೆ ಕಳಿಸಿದ್ದರು. ಆ ಹೆದರಿಕೆ ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಚೊಕ್ಕಟದವಳು ಅಕ್ಕ, ಕೊಳಕಿ ನಾನು. ಅಕ್ಕನ ಉಗುರು ನೋಡು, ಅಕ್ಕನ ಪುಸ್ತಕ ನೋಡು, ಅಕ್ಕನ ಹಾಸಿಗೆ ನೋಡು. ಅಮ್ಮ ಸಾಯುವ ತನಕ ಅದನ್ನೇ ಹಾಡಿದಳು. ಈಗ ಅಕ್ಕ ಕೊಳಕಿಯಾಗಿದ್ದಳು, ನಾನು ಬಿಳಿ ಕೋಟು ಹಾಕಿಕೊಂಡು ಅವಳಿಗೆ ಹಲ್ಲುಜ್ಜುವುದನ್ನು ಹೇಳಿಕೊಡುತ್ತಿದ್ದೆ. ಅದರಲ್ಲಿ ಒಂದು ಸುಖವಿತ್ತು. ಇತ್ತು ಅಂದರೆ ಇತ್ತು.

ಡಾಕ್ಟರಮ್ಮ ನನ್ನ ಮಾತು ನಂಬಿದರು. ಸಿಮೆಂಟಿನ ಯೋಚನೆ ಬಿಟ್ಟು, ಸಕ್ಕರೆ ಕಾಯಿಲೆ ಇದೆಯೇ, ರಾತ್ರಿ ಹಲ್ಲು ಕಡಿಯುತ್ತಾಳೆಯೇ ಎಂದೆಲ್ಲ ಪರೀಕ್ಷೆ ಮಾಡಿಸಿದರು. ಯಾವುದೂ ಇರಲಿಲ್ಲ. ನನಗೆ ಮನಸ್ಸು ಚುಚ್ಚಿದಾಗಲೆಲ್ಲ ಅಕ್ಕನಿಗೆ ಬ್ರಷ್ ಕೊಂಡುಹೋಗಿ ಕೊಡುತ್ತಿದ್ದೆ. ಹಲ್ಲಿನ ಸಂದಿಗೆ ತೂರುವ ಸಣ್ಣ ಬ್ರಷ್‌ಗಳು, ತಿಂಗಳಿಗೊಂದು ಪೊಟ್ಟಣ. ಹೇಗೆ ತೂರಿಸಬೇಕು, ಎಷ್ಟು ಸಲ ಆಡಿಸಬೇಕು ಎಂದು ಕೈ ಹಿಡಿದು ತೋರಿಸುತ್ತಿದ್ದೆ. ಅವಳು ಹೊಸ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸುತ್ತಿದ್ದಳು. "ನೀನೊಬ್ಳು ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತು?" ಎನ್ನುತ್ತಿದ್ದಳು.

ಮೂರೂವರೆ ವರ್ಷಕ್ಕೆ ಹಲ್ಲು ಅಲುಗಾಡಿತು. ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತಲಿನ ಮೂಳೆ ಬಟ್ಟಲಿನ ಹಾಗೆ ಕರಗಿಹೋಗಿತ್ತು. ಡಾಕ್ಟರಮ್ಮ ಈ ಸಲ ಭಾವನನ್ನು ಕೇಳಲೇ ಇಲ್ಲ. ಒಸಡು ಕುಯ್ದು ತೆರೆದು ನೋಡುತ್ತೇನೆ, ಉಳಿಸುವ ಹಾಗಿದ್ದರೆ ಸ್ಕ್ರೂ ತೊಳೆದು ಮೂಳೆಪುಡಿ ತುಂಬಿ ಹೊಲಿಯುತ್ತೇನೆ, ಇಲ್ಲದಿದ್ದರೆ ತೆಗೆಯುತ್ತೇನೆ ಎಂದು ಅಕ್ಕನಿಗೇ ನೇರ ಹೇಳಿದರು. ಅಕ್ಕ ಕೇಳಿದ್ದು ಒಂದೇ ಮಾತು: "ಇದು ನಾನು ಸರಿಯಾಗಿ ಉಜ್ಜದೇ ಇದ್ದಿದ್ದಕ್ಕೇನಾ ಮೇಡಂ?" ತೆರೆದು ನೋಡಿದರೆ ಗೊತ್ತಾಗುತ್ತದೆ ಎಂದರು ಅವರು. ಅಕ್ಕನಿಗೆ ಹಲ್ಲಿಗಿಂತ ಆ ಉತ್ತರ ಬೇಕಾಗಿತ್ತು.

ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರು. ಭಾವ ಹೊರಗಿನ ಬೆಂಚಿನ ಮೇಲೆ ಕಾಲು ಕುಣಿಸುತ್ತಾ ಕೂತಿದ್ದರು. ಇಂಜೆಕ್ಷನ್ ಕೊಟ್ಟು ಒಸಡು ಬಿಡಿಸಿ ಹಿಂದಕ್ಕೆ ಸರಿಸಿದಾಗ ಡಾಕ್ಟರಮ್ಮನ ಕೈ ನಿಂತಿತು. ಕ್ಯಾಪಿನ ಅಂಚಿನ ಕೆಳಗೆ, ಸ್ಕ್ರೂಗೆ ಸುತ್ತಿಕೊಂಡು, ಒಂದು ದಪ್ಪ ಬಿಳಿ ಪಟ್ಟಿ. ಅದರ ಸುತ್ತ ಹಳದಿ ಕೀವು, ಕೊಳೆತ ಮಾಂಸ. ಅವರು ಅದನ್ನು ಸಲಾಕೆಯಿಂದ ತಟ್ಟಿದರು. ಟಕ್ ಟಕ್ ಎಂದಿತು. ನನ್ನ ಕೈಯಲ್ಲಿದ್ದ ಎಂಜಲು ಹೀರುವ ಕೊಳವೆ ಅಕ್ಕನ ನಾಲಿಗೆಗೆ ಅಂಟಿಕೊಂಡದ್ದು ಕೂಡ ನನಗೆ ಗೊತ್ತಾಗಲಿಲ್ಲ.

ಉಳಿಸುವ ಹಾಗಿರಲಿಲ್ಲ. ಇಕ್ಕಳ ಹಾಕಿ ತಿರುಗಿಸಿದರೆ ಸ್ಕ್ರೂ, ಸಿಮೆಂಟು, ಕ್ಯಾಪ್ ಮೂರೂ ಒಟ್ಟಿಗೆ ಬಂದವು. ಗುಂಡಿ ತೊಳೆದು ಮೂರು ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ಡಾಕ್ಟರಮ್ಮ ಅಕ್ಕನ ಭುಜ ತಟ್ಟಿದರು.

"ಕೇಳಿ. ನೀವು ಉಜ್ಜಿದ್ದರಲ್ಲಿ ಏನೂ ತಪ್ಪಿಲ್ಲ. ಇದನ್ನ ಯಾವ ಬ್ರಷ್ಷಿಂದಾನೂ ತೆಗೆಯೋಕೆ ಆಗ್ತಿರಲಿಲ್ಲ. ಇದು ಸಿಮೆಂಟು."

ಅಕ್ಕ ಹತ್ತಿ ಕಚ್ಚಿಕೊಂಡೇ ಅತ್ತಳು. ನಾಲ್ಕು ಗೋಡೆಗೂ ಕೇಳುವ ಹಾಗೆ ಅತ್ತಳು. ಸದ್ದು ಕೇಳಿ ಭಾವ ಒಳಗೆ ಬಂದರು. ಡಾಕ್ಟರಮ್ಮ ತಟ್ಟೆಯನ್ನು ಅವರ ಮುಂದೆ ಹಿಡಿದರು. ಅವರು ಅದನ್ನು ಎತ್ತಿಕೊಂಡು, ರಕ್ತ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಮೂರೂವರೆ ವರ್ಷ ಆದ್ರೂ ಒಂದು ಗೀರು ಬಿದ್ದಿಲ್ಲ ನೋಡಿ" ಅಂದರು.

"ಕೆಳಗಡೆ ನೋಡಿ" ಅಂದರು ಡಾಕ್ಟರಮ್ಮ.

ನೋಡಿದರು. ಅವರಿಗೆ ಅರ್ಥವಾಗದೇ ಇರುವುದು ಸಾಧ್ಯವಿರಲಿಲ್ಲ. ಮುಖದ ಬಣ್ಣ ಇಳಿಯಿತು. ಆದರೂ ಸೋಲು ಒಪ್ಪುವ ಜಾತಿಯಲ್ಲವಲ್ಲ, ನನ್ನ ಕಡೆ ತಿರುಗಿ, "ಸಿಮೆಂಟು ಕಲಸಿದ್ದು ನಾನಲ್ಲ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. ಹತ್ತೊಂಬತ್ತು ವರ್ಷದ್ದು ಒಂದೇ ಸಲ ಬಂತು.

"ತುಂಬ ಹಾಕು ಅಂದಿದ್ದು ಯಾರು ಭಾವ? ನನ್ನ ಹಿಂದೆ ನಿಂತು ಅಂದವರು ಯಾರು? ತೂತು ಬೇಡ ಅಂದ್ರಿ, ಕೊರೆಯೋದು ಬೇಡ ಅಂದ್ರಿ. ಮನೇಲಿ ಮಗಳ ಮುಂದೆ ಅವಳ ಬಾಯಿ ತೆಗೆಸಿ ಕೂರಿಸಿದ್ರಲ್ಲ, ನಿಮಗೆ ಕರುಳು ಅನ್ನೋದಿದ್ಯಾ? ಆ ಲಿಫ್ಟ್‌ನವನಿಗೂ ಹೀಗೇ ಆಗಿತ್ತು, ಸಿಮೆಂಟು ಕೆರೆದು ತೆಗೆದ ಹದಿನೈದೇ ದಿನಕ್ಕೆ ವಾಸಿ ಆಯ್ತು. ಅಕ್ಕಂಗೂ ಆಗ್ತಿತ್ತು!"

ಡಾಕ್ಟರಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಭಾವ ಕ್ಯಾಪನ್ನು ತಟ್ಟೆಗೆ ಹಾಕಿ ಕಿಟಕಿಯ ಕಡೆ ತಿರುಗಿದರು. ಅಕ್ಕ ಕುರ್ಚಿಯಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು. ಆ ಕ್ಷಣ ನಾನು ಎಷ್ಟು ದೊಡ್ಡವಳಾಗಿದ್ದೆ, ಹೇಳತೀರದು.

ಏಳು ದಿನ ಬಿಟ್ಟು ಹೊಲಿಗೆ ತೆಗೆಸಲು ಬಂದಳು. ನನ್ನ ಸುಳ್ಳಿನ ಬಗ್ಗೆ ಡಾಕ್ಟರಮ್ಮ ಇನ್ನೂ ಮಾತು ತೆಗೆದಿರಲಿಲ್ಲ, ಹೊಲಿಗೆ ತೆಗೆಯುವುದನ್ನು ಎಂದಿನಂತೆ ನನಗೇ ಬಿಟ್ಟಿದ್ದರು. ಬಾಗಿಲಿನಿಂದಲೇ ಅಕ್ಕ ನಗುತ್ತಾ ಬಂದಳು, ಕೈ ಬಾಯಿಯ ಹತ್ತಿರ ಇರಲಿಲ್ಲ. ಕುರ್ಚಿಯಲ್ಲಿ ಒರಗುವ ಮೊದಲೇ ಮಾತು ಶುರು. ಹೆಡ್‌ಮಿಸ್ಸಿನ ಹತ್ತಿರ ಮಾತಾಡಿದ್ದಾಳೆ, ಬರುವ ತಿಂಗಳಿಂದ ಚಿಕ್ಕ ಮಕ್ಕಳ ತರಗತಿ ಕೊಡುತ್ತಾರಂತೆ. ಕೆಂಪು ಬಾಟಲಿಯನ್ನು ಭಾವನೇ ಚರಂಡಿಗೆ ಸುರಿದರಂತೆ. ಊಟಕ್ಕೆ ಕೂತಾಗ ಮಗಳ ಎದುರಿಗೆ, ತಪ್ಪು ನನ್ನದು, ನಿಮ್ಮಮ್ಮಂದಲ್ಲ ಎಂದರಂತೆ.

"ಅಷ್ಟು ಹೇಳೋಕೆ ಅವರಿಗೆ ಮೂರು ದಿನ ಬೇಕಾಯ್ತು. ಹೇಳಿದ್ಮೇಲೆ ತಟ್ಟೆ ಬಿಟ್ಟು ಎದ್ದು ಹೋಗಿ ಕದ ಹಾಕ್ಕೊಂಡು ಅತ್ರು ಕಣೆ. ನಂಗೆ ಪಾಪ ಅನ್ನಿಸ್ಬಿಡ್ತು."

"ಬಾಯಿ ತೆಗಿ" ಅಂದೆ. ಮೊದಲ ಹೊಲಿಗೆ ಕತ್ತರಿಸಿ ಎಳೆದೆ. ಗಾಯ ಚೆನ್ನಾಗಿ ಕೂಡಿಕೊಂಡಿತ್ತು.

"ನೀನೊಬ್ಳೇ ನನ್ನ ಪರ ನಿಂತಿದ್ದು. ಅವತ್ತು ನೀನು ಕೂಗಾಡದೇ ಇದ್ದಿದ್ರೆ ಅವರು ಒಪ್ತಿರಲಿಲ್ಲ."

"ಬಾಯಿ ತೆಗಿ ಅಕ್ಕ." ಎರಡನೇದನ್ನು ತೆಗೆದೆ. ಅವಳು ನೀರು ಮುಕ್ಕಳಿಸಿ ಉಗಿದಳು.

"ಅದ್ಯಾರೋ ಲಿಫ್ಟ್‌ನವನು ಅಂದ್ಯಲ್ಲ, ಅವನಿಗೆ ಈಗ ಚೆನ್ನಾಗಿದ್ಯಾ?"

"ಚೆನ್ನಾಗಿದೆ. ಮೊನ್ನೆ ಕೂಡ ಬಂದಿದ್ದ, ಹಲ್ಲು ಗಟ್ಟಿ ಇದೆ."

"ಅವನಿಗೆ ಅದು ತೆಗೆದು ಎಷ್ಟು ದಿನ ಆಯ್ತು?"

ನಾನು ಮೂರನೇ ಹೊಲಿಗೆಯ ದಾರದ ತುದಿ ಹುಡುಕುತ್ತಿದ್ದೆ. ಅದು ಒಸಡಿನೊಳಗೆ ಸ್ವಲ್ಪ ಹೂತುಕೊಂಡಿತ್ತು. ಗಮನವೆಲ್ಲ ಅದರ ಮೇಲಿತ್ತು.

"ಎರಡು ವರ್ಷ ಆಯ್ತು" ಅಂದೆ.

ಅಕ್ಕ ನನ್ನ ಮುಖ ನೋಡುತ್ತಿದ್ದಳು. ಮಾತು ಬರದ ಮಕ್ಕಳ ಮುಖದಿಂದ ಮಾತು ತೆಗೆದು ಅಭ್ಯಾಸವಿರುವವಳು, ಅವಳ ಮುಂದೆ ನಾನು ಏನನ್ನು ಮುಚ್ಚಿಡಲಿ?

"ಎರಡು ವರ್ಷ" ಅಂದಳು ಅವಳೂ. "ಆವತ್ತೇ ಗೊತ್ತಿತ್ತಾ ನಿಂಗೆ, ನಂಗೂ ಅದೇ ಆಗಿರಬೋದು ಅಂತ?"

"ಅಕ್ಕಾ, ಮೇಡಂ ಕೇಳಿದಾಗ ನಂಗೆ ಭಯ..."

"ಮೇಡಂ ಕೇಳಿದ್ರಾ?"

ಅವಳು ಎಣಿಸುತ್ತಿದ್ದಳು. ತರಗತಿ ಹೋದದ್ದು ಯಾವಾಗ, ತಟ್ಟೆ ಬೇರೆಯಾದದ್ದು ಯಾವಾಗ, ಎಲ್ಲವನ್ನೂ ಜೋಡಿಸಿಕೊಳ್ಳುತ್ತಿದ್ದಳು. ಬಹಳ ಹೊತ್ತು ಹಿಡಿಯಲಿಲ್ಲ.

"ಆ ಸಣ್ಣ ಬ್ರಷ್‌ಗಳನ್ನ ತಂದುಕೊಡೋಕೆ ಶುರು ಮಾಡಿದ್ದು ಅದಾದ್ಮೇಲೆ ಅಲ್ವಾ?"

ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ದನಿಯನ್ನು ಏರಿಸಲೂ ಇಲ್ಲ.

"ಅವರು ಗೊತ್ತಿಲ್ದೆ ಬೈದ್ರು" ಅಂದಳು. "ನೀನು ಗೊತ್ತಿದ್ದೂ ಬ್ರಷ್ ತಂದುಕೊಟ್ಟೆ."

ಆಮೇಲೆ ತುಟಿ ಬಿಗಿದುಕೊಂಡಳು.

"ಇನ್ನೊಂದು ಹೊಲಿಗೆ ಇದೆ ಅಕ್ಕ" ಅಂದೆ. "ಬಿಟ್ರೆ ಕೀವಾಗುತ್ತೆ. ಬಾಯಿ ತೆಗಿ."

ಅವಳು ಬಾಯಿ ತೆಗೆಯಲಿಲ್ಲ. ಎದೆ ಮೇಲಿನ ಬಟ್ಟೆ ತಾನೇ ಬಿಚ್ಚಿ ಮಡಿಸಿಟ್ಟು, ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಟ್ಟಿ, "ಮೇಡಂ, ಇದೊಂದು ನೀವೇ ತೆಗೀರಿ" ಎಂದಳು. ಡಾಕ್ಟರಮ್ಮ ಬಂದು ತೆಗೆದರು. ನಾನು ಪಕ್ಕದಲ್ಲಿ ನಿಂತು ಹತ್ತಿ ಚಾಚಿದೆ. ಅಕ್ಕ ಅದನ್ನು ನೋಡಿ, ಚೀಲದಿಂದ ತನ್ನ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡು, ಹೊರಗೆ ಕಾಯುತ್ತಿದ್ದ ಭಾವನ ಜೊತೆ ಮನೆಗೆ ಹೋದಳು.